ಕೆರೆಯಂಚಿನ ಬಿದಿರು ಗೂಟಗಳು

ಒಣಗಿ ಬಿರಿದ ಕೆಸರಿನಿಂದ ಬಿದಿರಿನ ಗೂಟ ಕಿತ್ತರೆ ಒಂದು ಶಬ್ದ ಬರುತ್ತದೆ — ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡ ಹಾಗೆ. ಎಕ್ಕಂಬಿ ಕಡೆಯ ಒಂದು ಕೆರೆಯಂಚಿನಲ್ಲಿ, ಬೇಸಿಗೆಯ ಮಧ್ಯಾಹ್ನ, ಆ ಶಬ್ದ ಮಾಡಿದವಳು ನಾನು. ಗೂಟಗಳು ವತ್ಸಲಾಳವು. ಕಿತ್ತು ಬೇರೆ ಜಾಗದಲ್ಲಿ ನೆಟ್ಟೆ. ಅವಳಿಗೆ ಹೇಳಲಿಲ್ಲ. ಈಗ ಹೇಳೋಣವೆಂದರೆ ಅವಳಿಲ್ಲ.

ನಾವಿಬ್ಬರೂ ಶಿರಸಿಯಲ್ಲಿ ಒಂದೇ ಶಾಲೆಯ ಟೀಚರುಗಳು. ನನ್ನದು ಇಂಗ್ಲಿಷು, ಅವಳದು ಸೈನ್ಸು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಕಂಡೇ ಇರದ ಹೂಗಳ ಹೆಸರು ಬಾಯಿಪಾಠ ಮಾಡಿಸಿದ್ದರು. ಕಾಲಡಿಯ ಹೂಗಳನ್ನು ತೋರಿಸಿದವಳು ವತ್ಸಲಾ. ಭಾನುವಾರ ನಾನು ಚರ್ಚಿನಿಂದ ಬರುವುದನ್ನೇ ಕಾಯುತ್ತಿದ್ದಳು. ‘ಇಂಗ್ಲಿಷ್ ಮೇಡಂ, ಸೀರೆ ಕೆಸರಾದ್ರೆ ಆನು ತೊಳಕೊಡ್ತಿಲ್ಲೆ’ ಎಂದು ತನ್ನ ಮನೆಯ ಹವ್ಯಕ ಮಾತಿನಲ್ಲೇ ಛೇಡಿಸುತ್ತ ಬಸ್ ಹತ್ತಿಸುತ್ತಿದ್ದಳು. ಬೇರೆ ಯಾರೂ ನನ್ನನ್ನು ಎಲ್ಲಿಗೂ ಕರೆಯುತ್ತಿರಲಿಲ್ಲ — ಇದು ನೆಪವಲ್ಲ, ಇದ್ದದ್ದು ಹಾಗೆ.

ಆ ಕೆರೆಯಂಚಿನಲ್ಲೇ ಅವಳಿಗೆ ಆ ಹೂ ಸಿಕ್ಕಿತು. ಮೂರು ಬಿಳಿ ಎಸಳು, ಗಂಟಲಲ್ಲಿ ನೇರಳೆ ಚುಕ್ಕೆ. ಗದ್ದೆಗಳಲ್ಲಿ ಅದರಂಥದೇ ಒಂದು ಸಾಮಾನ್ಯ ಗಿಡವಿದೆ; ಅದು ಆನ್ಯುಯಲ್ — ವರ್ಷಕ್ಕೇ ಸತ್ತು, ಬೀಜದಿಂದ ಮತ್ತೆ ಹುಟ್ಟುವಂಥದು. ಇದು ಪೆರೆನಿಯಲ್, ಬೇಸಿಗೆಯಲ್ಲಿ ಮೇಲೆಲ್ಲ ಒಣಗಿದರೂ ಮಣ್ಣೊಳಗಿನ ಗೆಡ್ಡೆ ಬದುಕಿರುತ್ತದೆ ಎಂಬುದು ಅವಳ ಅನುಮಾನ. ಹಾಗಿದ್ದರೆ ಇದು ಬೇರೆಯೇ ಸ್ಪೀಶೀಸ್. ಧಾರವಾಡದ ಪ್ರೊಫೆಸರರೊಬ್ಬರು, ಅಷ್ಟು ಖಾತ್ರಿಯಾದರೆ ಬಂದು ನೋಡುತ್ತೇನೆ, ನಿಮ್ಮನ್ನು ರಿಸರ್ಚಿಗೂ ಸೇರಿಸಿಕೊಳ್ಳುತ್ತೇನೆ ಎಂದಿದ್ದರಂತೆ.

ಅಗೆದು ನೋಡಿಬಿಡು ಎಂದೆ. ಅವಳು ಕೇಳಲಿಲ್ಲ.

‘ಅಗೆಯಲಾಗ ಮಾರಾಯ್ತಿ, ಇಪ್ಪದೇ ಇಷ್ಟು ಗಿಡ. ಅದೇ ಹೇಳ್ತು, ತಡಿ.’

ಹೂ ಇರುವಾಗಲೇ ಪ್ರತಿ ಗಿಡದ ಬುಡಕ್ಕೆ ತಾಗಿಸಿ ಗೂಟ ಹೊಡೆದಳು. ಮಳೆಗಾಲದಲ್ಲಿ ಗೂಟದ ಬುಡದಲ್ಲೇ ಚಿಗುರು ಬಂದರೆ ಗೆಡ್ಡೆಯದು. ಎಲ್ಲೆಂದರಲ್ಲಿ ಬಂದರೆ ಬೀಜದ್ದು. ಆಮೇಲೆ ಇಡೀ ಚಳಿಗಾಲ ಅವಳ ಬಾಯಲ್ಲಿ ಧಾರವಾಡ. ಅಲ್ಲಿ ಬಾಡಿಗೆಗೆ ರೂಮು ಸಿಗುತ್ತದಾ, ಊಟ ಹೇಗೆ… ನನ್ನ ಭಾನುವಾರಗಳ ಬಗ್ಗೆ ಅವಳು ಒಮ್ಮೆಯೂ — ಕೇಳಬೇಕಿತ್ತೆಂದಲ್ಲ.

ರಜೆಗೆ ಅವಳು ಸಿದ್ದಾಪುರದ ತವರಿಗೆ ಹೋದಾಗ ಒಬ್ಬಳೇ ಬಸ್ ಹತ್ತಿದೆ. ಮೊದಲನೆಯ ಗೂಟ ಕಿತ್ತ ಕುಳಿಯಲ್ಲಿ ಬೆರಳಿಟ್ಟೆ. ಅಷ್ಟು ಬಿಸಿಲಲ್ಲೂ ತಣ್ಣಗೆ, ಗಟ್ಟಿಯಾಗಿ, ಏನೋ ತಾಗಿತು. ಗೆಡ್ಡೆ. ಅವಳು ಹೇಳಿದ್ದೇ ನಿಜವೆಂದು ಮೊದಲು ತಿಳಿದದ್ದು ನನಗೆ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ — ಉಳಿದವನ್ನೂ ಕಿತ್ತು ಒಂದೊಂದನ್ನು ಒಂದೊಂದು ದಿಕ್ಕಿಗೆ ಸರಿಸಿ, ಕುಳಿಗಳಿಗೆ ಮಣ್ಣು ತುಂಬಿದೆ. ಮುಂಗಾರು ಮಿಕ್ಕದ್ದನ್ನು ಮುಚ್ಚಿತು.

ಚಿಗುರು ಬಂದಾಗ ಇಬ್ಬರೂ ಹೋದೆವು. ಯಾವ ಗೂಟದ ಬುಡದಲ್ಲೂ ಇರಲಿಲ್ಲ. ಅವಳು ಒಂದೊಂದೇ ಗೂಟದ ಬುಡ ತಡವಿ ನೋಡಿದಳು. ‘ಆನು ಸುಮ್ನೆ ಕನಸು ಕಂಡಿ, ಹೌದಲ್ದಾ?’ ಎಂದಳು.

‘ಇರಬಹುದು. ನೇಚರ್ ಸುಳ್ಳು ಹೇಳೋದಿಲ್ಲ ಅಲ್ವಾ?’

ಇದು ನಾನು ಹೇಳಿದ್ದು. ಈ ಬಾಯಿಂದ.

ಪ್ರೊಫೆಸರರಿಗೆ ಬರುವುದು ಬೇಡವೆಂದು ಅವಳೇ ತಿಳಿಸಿದಳು. ಧಾರವಾಡಕ್ಕೆ ಹೋಗಲಿಲ್ಲ. ಆದರೆ ನನ್ನ ಜೊತೆ ಕೆರೆಗೂ ಬರಲಿಲ್ಲ. ಭಾನುವಾರ ಬಟ್ಟೆ ಒಗೆಯುವುದಿದೆ, ತಲೆನೋವು, ಎನ್ನುತ್ತಿದ್ದಳು. ಯಾರನ್ನು ಉಳಿಸಿಕೊಳ್ಳಲು ಅಷ್ಟು ಮಾಡಿದೆನೋ ಅವಳು ಸ್ಟಾಫ್ ರೂಮಿನಲ್ಲಿ ನನ್ನ ಎದುರೇ ಕೂತು ಪಾಠದ ಹೊರತು ಬೇರೇನೂ ಮಾತಾಡದವಳಾದಳು. ಚರ್ಚಿನಲ್ಲಿ ಪಾದ್ರಿಗಳ ಮುಂದೆ ಮೊಣಕಾಲೂರಿ ಹಾಳುಮೂಳು ತಪ್ಪುಗಳನ್ನೆಲ್ಲ ಒಪ್ಪಿಸಿದ್ದೇನೆ, ಇದನ್ನಲ್ಲ. ಗೂಟ ಸರಿಸುವುದು ಯಾವ ಪಾಪದ ಲೆಕ್ಕಕ್ಕೆ ಬರುತ್ತದೆ, ಫಾದರ್, ಎಂದು ಕೇಳುವ ಧೈರ್ಯ…

ಅವಳು ತೀರಿಕೊಂಡ ಮೇಲೆ, ಕಳೆದ ವರ್ಷ ಹೂವಿನ ಕಾಲದಲ್ಲಿ ನಾನೇ ಹೋಗಿ ಗೂಟ ಹೊಡೆದು ಬಂದೆ. ಈ ಮಳೆಗಾಲ ಪ್ರತಿ ಗೂಟದ ಬುಡದಲ್ಲೂ ಚಿಗುರಿತ್ತು. ತಿಳಿದವರು ಯಾರಾದರೂ ಬಂದರೆ ತೋರಿಸುತ್ತೇನೆ. ಯಾರು ಕಂಡದ್ದೆಂದು ಹೇಳುತ್ತೇನೆ, ಯಾರು ಮುಚ್ಚಿಟ್ಟದ್ದೆಂದೂ.

ವತ್ಸಲಾಳನ್ನು ಕೊನೆಯ ಸಲ ನೋಡಿದ್ದು, ಇಬ್ಬರೂ ರಿಟೈರ್ ಆದಮೇಲೆ, ಮುಂಡಗೋಡಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳ ಮದುವೆ ಮುಗಿಸಿ ಬರುವಾಗ. ಬಸ್ಸಿನಲ್ಲಿ ಅಕ್ಕಪಕ್ಕ ಸೀಟು, ಕಿಟಕಿ ನನ್ನ ಕಡೆ. ಎಕ್ಕಂಬಿ ದಾಟುವಾಗ ಜಿಟಿಜಿಟಿ ಮಳೆ. ಕೆರೆಯಂಚಿನಲ್ಲಿ ಆ ಹೂ ಬೆಳ್ಳಗೆ ಕಂಡಿತು. ಅವಳು ಎದುರಿನ ಸೀಟಿನ ಕಂಬಿ ಹಿಡಿದು ಮುಂದಕ್ಕೇ ನೋಡುತ್ತಿದ್ದಳು. ನೋಡೇ, ಎಂದು ಬಾಯಿಯವರೆಗೆ ಬಂತು. ಅಷ್ಟರಲ್ಲಿ, ‘ಕಿಟಕಿ ಹಾಕೇ, ನೀರು ಹಾರ್ತು’ ಎಂದಳು.

ಹಾಕಿದೆ. ಶಿರಸಿಯಲ್ಲಿ ಇಳಿದು, ಕೊಡೆ ಬಿಚ್ಚಿ, ಸೀರೆಯ ನೆರಿಗೆ ಸ್ವಲ್ಪ ಎತ್ತಿಕೊಂಡು, ಕೆಸರು ತಪ್ಪಿಸುತ್ತ ನಡೆದುಹೋದಳು.