ಗುಡ್ಡದ ಟ್ಯಾಂಕಿ ಕಾಣುತ್ತದೆ ಎಂದವನು

ಸದಾನಂದರೇ, ಆ ಬೆಳಿಗ್ಗೆ ಹೊರಡುವ ಮೊದಲು ನೀವು ನನ್ನನ್ನು ಕೇಳಿದ್ದಿರಿ. ಕೇಳಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದವನು ನಾನು. ಈ ಸುಳ್ಳಿನ ಬಗ್ಗೆ ನನಗೆ ಅನುಮಾನವಿಲ್ಲ. ಅದಕ್ಕೂ ಮೊದಲು ಫೋನಿನಲ್ಲಿ ನಿಮಗೆ ಹೇಳಿದ್ದು ಸುಳ್ಳೋ, ಭ್ರಮೆಯೋ— ಆರು ವರ್ಷವಾದರೂ ಅದು ಮಾತ್ರ ಬಗೆಹರಿದಿಲ್ಲ.

ಕಾರ್ಕಳದ ನಮ್ಮ ಶಾಲೆಯ ಮೈದಾನದಲ್ಲಿ ನೀವು ಹಾರಿಸುವ ಹೆಲಿಕಾಪ್ಟರ್ ಇಳಿಯಬೇಕಿತ್ತು. ಊರಿನ ಉದ್ಯಮಿಯೊಬ್ಬರ ಮಗಳ ಮದುವೆ. ಅಲ್ಲಿಂದ ಹೂ ತುಂಬಿಸಿಕೊಂಡು ಮಂಟಪದ ಮೇಲೆ ಸುರಿಸಬೇಕೆಂಬ ಶೋಕಿ ಅವರದು. ನಾನು ಪಿ.ಟಿ. ಮಾಸ್ಟ್ರು, ಮೈದಾನ ನನ್ನ ಸುಪರ್ದಿ. ಮುನ್ನಾದಿನ ನೀವು ಬಂದು ನಾನು ಸುಣ್ಣದಲ್ಲಿ ಹಾಕಿದ ಗುರುತು ನೋಡಿದಿರಿ. ಪೂರ್ವದ ಗುಡ್ಡದ ಮೇಲಿನ ನೀರಿನ ಟ್ಯಾಂಕಿ ತೋರಿಸಿ ಹೇಳಿದಿರಿ: "ಅದು ಕಂಡ್ರೆ ಮಾತ್ರ ಬನ್ನಿ ಅಂತ ಹೇಳಿ ಮಾಸ್ಟ್ರೇ. ಮಂಜು ಉಂಟಾದ್ರೆ ನಮಗೆ ಮೇಲಿಂದ ಗುಡ್ಡ ಯಾವುದು, ಆಕಾಶ ಯಾವುದು ಗೊತ್ತಾಗುದಿಲ್ಲ."

ಮರುದಿನ ಮಂಜು ಇತ್ತು. ನೀವು ಮಂಗಳೂರಿನಿಂದ ಫೋನ್ ಮಾಡಿದಾಗ ಮದುಮಗಳ ತಂದೆ ನನ್ನ ಪಕ್ಕದಲ್ಲೇ ನಿಂತು ವಾಚು ನೋಡಿಕೊಳ್ಳುತ್ತಿದ್ದರು. ಬೆಳಗ್ಗಿನ ಮುಹೂರ್ತ, ಇನ್ನು ಮುಕ್ಕಾಲು ಗಂಟೆ.

"ಟ್ಯಾಂಕಿ ಕಾಣ್ತದಾ ಮಾಸ್ಟ್ರೇ?"

"ಕಾಣ್ತದೆ, ಬನ್ನಿ."

ಕಂಡಿತ್ತೇ? ಇಪ್ಪತ್ತೆಂಟು ವರ್ಷ ದಿನಾ ನೋಡಿದ ಟ್ಯಾಂಕಿ. ಅದಿದ್ದ ಕಡೆಗೆ ನೋಡಿದೆ, ಬೂದು ಬಣ್ಣದ್ದು ಏನೋ ಇದ್ದಂತೆ ಅನಿಸಿತು— ಅಥವಾ ಏನೂ ಕಾಣಲಿಲ್ಲ, ನೀವು ಬರುವಷ್ಟರಲ್ಲಿ ಹೇಗೂ ಮಂಜು ಕರಗುತ್ತದೆ ಎಂದುಕೊಂಡೆ— ಅಥವಾ ಆ ದೊಡ್ಡ ಮನುಷ್ಯರ ಮುಖ ನೋಡಿ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಒಂದೊಂದು ದಿನ ಒಂದೊಂದು ನಿಜ ಅನಿಸುತ್ತದೆ. ಕಬಡ್ಡಿಯಲ್ಲಿ ಗೆರೆ ತುಳಿದ ಮಕ್ಕಳನ್ನು ಮುಲಾಜಿಲ್ಲದೆ ಹೊರಗೆ ಕಳಿಸುತ್ತಿದ್ದವನಿಗೆ ತನ್ನ ಕಣ್ಣು ಏನು ಕಂಡಿತೆಂದು ಹೇಳಲಾಗುವುದಿಲ್ಲ, ನೋಡಿ.

ಸದ್ದು ನಮ್ಮ ತಲೆಯ ಮೇಲೆಯೇ ಕೇಳಿಸಿತು, ನೀವು ಕಾಣಲಿಲ್ಲ. ಸದ್ದು ಗುಡ್ಡದ ಕಡೆಗೆ ಹೋಯಿತು. ಆಮೇಲೆ ಮರಗಳು ಮುರಿಯುವುದು ಕೇಳಿಸಿತು.

ನಾನು ಮಣಿಪಾಲದ ಆಸ್ಪತ್ರೆಗೆ ಬಂದಾಗ ನಿಮ್ಮ ಕಾಲಿಗೂ ತಲೆಗೂ ಕಟ್ಟು ಹಾಕಿತ್ತು. ನಿಮ್ಮ ಹೆಂಡತಿ ಜಯಂತಿ ಹೊರಗೆ ಬಂದು, "ಅವರಿಗೆ ಆ ದಿನದ್ದು ಎಂತದ್ದೂ ನೆನಪಿಲ್ಲ ಮಾಸ್ಟ್ರೇ" ಎಂದರು. ನನಗೆ ಸಮಾಧಾನವಾಯಿತು. ಹೌದು, ಸಮಾಧಾನ— ಇಂದಿಗೂ ಹೆಚ್ಚು ನಾಚಿಕೆಯಾಗುವುದು ಅದಕ್ಕೇ. ವಾರದ ನಂತರ ತನಿಖೆಯವರು ಬಂದಾಗ, ಹೊರಟೆ ಎಂದು ತಿಳಿಸಲಷ್ಟೇ ನೀವು ಫೋನ್ ಮಾಡಿದ್ದಿರಿ ಎಂದುಬಿಟ್ಟೆ. ಮದುಮಗಳ ತಂದೆಯೂ ಹೌದೆಂದರು. ಹವೆ ವಿಚಾರಿಸದೆ ಹಾರಿದವರು ಎಂದು ನಿಮ್ಮ ಮೇಲೆ ಬರೆದರು. ಆಮೇಲೆ ನಿಮಗೆ ಹಾರುವ ಕೆಲಸವನ್ನು ಯಾರೂ ಕೊಡಲಿಲ್ಲ.

ಈಗ ನೀವು ಕಾಪುವಿನಲ್ಲಿ ತಮ್ಮನ ಐಸ್ ಪ್ಲಾಂಟ್ ನೋಡಿಕೊಳ್ಳುತ್ತೀರಿ. ಕಳೆದ ತಿಂಗಳು ಉಡುಪಿಯ ಬಸ್ ನಿಲ್ದಾಣದಲ್ಲಿ ಕುಂಟುತ್ತ ನನ್ನ ಹತ್ತಿರ ಬಂದಿರಿ.

"ಮಾಸ್ಟ್ರೇ, ಬೇಜಾರು ಮಾಡ್ಬೇಡಿ. ಆ ದಿನ ನಾನು ನಿಮ್ಮಲ್ಲಿ ಕೇಳ್ಲೇ ಇಲ್ವಾ? ನಾನು ಕೇಳದೆ ಹೊರಡುವವ ಅಲ್ಲ. ಈಗ ನನಗೆ ನನ್ನ ಮೇಲೇ ನಂಬಿಕೆ ಇಲ್ಲದ ಹಾಗೆ ಆಗಿದೆ."

"ಇಲ್ಲ, ಕೇಳ್ಲಿಲ್ಲ" ಎಂದೆ.

ಕಾರ್ಕಳದ ಬಸ್ಸು ಬಂದಾಗ ನೀವು ಆ ಕಾಲಿನಲ್ಲೇ ಮೊದಲು ಹತ್ತಿ ನನಗೊಂದು ಸೀಟು ಹಿಡಿದು ಕೊಟ್ಟು ಇಳಿದಿರಿ.

ನೀವು ಕೇಳಿದ್ದಿರಿ ಎಂದು ತನಿಖೆಯವರಿಗೆ ನಿನ್ನೆ ಬರೆದು ಹಾಕಿದೆ. ಟ್ಯಾಂಕಿ ಕಂಡಿತೋ ಇಲ್ಲವೋ ಎಂಬಲ್ಲಿ, ಗೊತ್ತಿಲ್ಲ ಎಂದೇ ಬರೆದೆ. ಇದರಿಂದ ನಿಮಗೆ ಏನು ಮರಳಿ ಬರುತ್ತದೋ— ಬಹುಶಃ ಏನೂ ಇಲ್ಲ. ಈ ಕಾಗದವನ್ನು ಮಾತ್ರ ಅಂಚೆಗೆ ಹಾಕುವುದಿಲ್ಲ. ಭಾನುವಾರ ಕಾಪುವಿಗೆ ನಾನೇ ತಂದು, ಜಯಂತಿಯವರ ಎದುರು ಓದುತ್ತೇನೆ. ನೀವು ಎದ್ದು ಒಳಗೆ ಹೋದರೆ ಹೊರಗಿನ ಮೆಟ್ಟಿಲ ಮೇಲೆ ಕುಳಿತಿರುತ್ತೇನೆ. ನೀವು ವಿಚಾರಿಸಿಯೇ ಹೊರಟಿದ್ದಿರಿ ಎಂಬ ಮಾತು ನನ್ನ ಬಾಯಿಂದಲೇ ನಿಮಗೆ ತಲುಪಬೇಕು.