ಉಳವಿಯ ಕೆರೆಗೆ ರಬ್ಬರ್ ಕಪ್ಪೆ

ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಆಧಾರ್ ಕಾರ್ಡ್ ಹಿಡಿದುಕೊಂಡೇ ಬಸ್ ಹತ್ತಿದೆ. "ಇದು ಪ್ರೈವೇಟ್ ಬಸ್ ರೀ, ಟಿಕೆಟ್ ತಗೋರಿ" ಎಂದು ಕಂಡಕ್ಟರ್ ನಕ್ಕ. ಸೊರಬದಲ್ಲಿ ಇಳಿದು, ಮಂಡಕ್ಕಿ ಮೆಣಸಿನಕಾಯಿ ತಿಂದು, ಉಳವಿಯ ಬಸ್ಸು ಹಿಡಿದೆ. ಒಂದು ಮಳೆ, ಒಂದು ಬಿಸಿಲು. ಬ್ಯಾಗಿನಲ್ಲಿ ಹೊಸ ಗಾಳದ ಕೋಲು, ಡಬ್ಬಿ ತುಂಬ ಎರೆಹುಳು, ಬೆಲ್ಲ ಕಲಸಿದ ಹಿಟ್ಟಿನ ಉಂಡೆ, ಶಿವಮೊಗ್ಗದಲ್ಲಿ ಕೊಂಡಿದ್ದ ಹಸಿರು ರಬ್ಬರ್ ಕಪ್ಪೆ ಇದ್ದವು. ಯಾವ ಎರೆಗೆ ಯಾವ ಮೀನು ಎಂಬುದನ್ನು ಉಳವಿಯಲ್ಲಿರುವ ನಾಗವೇಣಿ ಅಕ್ಕನಿಂದ ಕಲಿಯಬೇಕೆಂದೇ ಹೊರಟಿದ್ದೆ. ಗಾಳ ಹಾಕುವುದರಲ್ಲಿ ಅವಳನ್ನು ಮೀರಿಸಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಅಕ್ಕನ ಮಗಳು ಸುಮಾ ಬಾಣಂತಿ. ಒಳಕೋಣೆಯಲ್ಲಿ ಕೂಸನ್ನು ಎದೆಗೆ ಹಾಕಿಕೊಂಡು ಕೂತಿದ್ದಳು. ಬಾಣಂತಿಗೆ ಕೊರಮೀನಿನ ಸಾರು ಕೊಟ್ಟರೆ ಹಾಲು ಹೆಚ್ಚುತ್ತದೆ ಎಂಬುದು ನಮ್ಮವರ ನಂಬಿಕೆ.

"ಹಾಲು ಸಾಲ್ತಿಲ್ಲ ಮಾರಾಯ್ತಿ, ಕೂಸು ರಾತ್ರಿಯಿಡೀ ಅಳ್ತದೆ. ಇವತ್ತು ಮೀನು ಸಿಗ್ಲೇಬೇಕು" ಎಂದಳು ಅಕ್ಕ. ಊಟ ಮುಗಿಸಿ ಕೆರೆಗೆ ಹೋದೆವು.

ದಡದ ಹತ್ತಿರ ನೀರಿನ ಮೇಲೆ ತಟ್ಟೆಯಗಲ ಕೆಂಪಗೆ ಏನೋ ಮಿಸುಕುತ್ತಿತ್ತು. ಬಗ್ಗಿ ನೋಡಿದರೆ ನೂರಾರು ಮೀನುಮರಿ! ನಾನು ಎರೆಹುಳು ತೆಗೆದೆ.

"ಅದು ಬ್ಯಾಡ. ನಿನ್ನ ರಬ್ಬರ್ ಕಪ್ಪೆ ಕೊಡು."

ನನಗೆ ಹಿಗ್ಗಾಯಿತು. ಅಕ್ಕ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸಿ ಎಸೆದಳು. ಅದನ್ನು ಮರಿಗಳ ನಡುವೆಯೇ ಎಳೆದಳು. ಮರಿಗಳು ಚದುರಿದವು. ಮರುಕ್ಷಣ ನೀರು ಸಿಡಿದು ಕಪ್ಪೆ ಮಾಯವಾಯಿತು. ಕೋಲು ಬಿಲ್ಲಿನಂತೆ ಬಾಗಿತು. ಮೊಳದುದ್ದದ ಕೊರಮೀನು ಹುಲ್ಲಿನ ಮೇಲೆ ಬಂದು ಬಿತ್ತು.

"ಎಷ್ಟು ಹಸಿದಿತ್ತೋ!" ಎಂದೆ.

"ಹಸಿವೆಂತದು? ಮರಿ ಕಾಯುವಾಗ ಇದು ಹುಳ ಕೊಟ್ರೂ ಮೂಸಲ್ಲ. ಮರಿ ತಿನ್ನಾಕೆ ಕಪ್ಪೆ ಬಂತು ಅಂತ ಸಿಟ್ಟಲ್ಲಿ ಕಚ್ತದೆ. ತಾಯಿ ಕಣೇ ಇದು."

ನಾನು ತಂದ ಆಟಿಕೆಯ ಕಪ್ಪೆ ಆ ಬಾಯಲ್ಲಿ ಸಿಕ್ಕಿಕೊಂಡಿತ್ತು. ಚದುರಿದ್ದ ಮರಿಗಳು ಮತ್ತೆ ಗುಂಪಾಗಿ ಅಲ್ಲೇ ಸುತ್ತುತ್ತಿದ್ದವು.

"ಬಿಟ್ಬಿಡೇ ಅಕ್ಕಾ" ಎಂದೆ.

ಅಕ್ಕ ಮೀನನ್ನೂ ನೋಡಿದಳು, ನನ್ನನ್ನೂ ನೋಡಿದಳು. "ಮನೇಲಿ ಸುಮಾ ಕಾಯ್ತಾ ಇದಾಳೆ" ಎಂದು ಮೀನನ್ನು ಚೀಲಕ್ಕೆ ಹಾಕಿ, ದಾರ ಸುತ್ತಿದಳು. ಇನ್ನೂ ಹೊತ್ತಿತ್ತು. ಆದರೂ ಎದ್ದು ನಡೆದಳು.

ಸುಮಾ ಸಾರನ್ನು ಬಟ್ಟಲೆತ್ತಿ ಕುಡಿದಳು. ನಾನು ಮಜ್ಜಿಗೆ ಅನ್ನ ಕಲಸಿಕೊಂಡೆ.

ಮರುದಿನ ಬೆಳಿಗ್ಗೆ ಅಕ್ಕ ಕೆರೆ ಏರಿಯ ಮೇಲೆ ನನ್ನನ್ನು ಬಸ್ಸಿಗೆ ಕರೆದೊಯ್ದಳು. ನೋಡಬಾರದೆಂದುಕೊಂಡರೂ ನೋಡಿದೆ. ಕೆಂಪು ಗುಂಪು ಇತ್ತು. ಅದರಡಿ ದಪ್ಪ ಕಪ್ಪು ಬೆನ್ನೊಂದು ನಿಧಾನ ತಿರುಗಿತು. ಬೆಚ್ಚಿ ಅಕ್ಕನ ತೋಳು ಹಿಡಿದೆ.

"ಗಂಡು ಮೀನು. ಇಬ್ರೂ ಕಾಯ್ತಾರೆ" ಎಂದಳು.

"ನಿನ್ನೆಯೇ ಗೊತ್ತಿತ್ತಾ?"

"ಗೊತ್ತಿತ್ತು. ಅದಕ್ಕೇ ಇನ್ನೊಂದ್ಸಲ ಗಾಳ ಹಾಕ್ಲಿಲ್ಲ."

ಬಸ್ಸು ಬಂತು. ಕಿಟಕಿಯಿಂದ ತಿರುಗಿ ನೋಡಿದಾಗ ಅಕ್ಕ ಇನ್ನೂ ನೀರಿನ ಕಡೆಗೇ ಮುಖ ಮಾಡಿ ನಿಂತಿದ್ದಳು.