ಹಳ್ಳದ ನಡುವೆ ನಿಂತ ಜೀಪು

ಇಸವಿ ೧೯೯೨. ಮುಂಗಾರು ಇನ್ನೂ ಹಿಡಿದಿರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಗೆ ಒಂದು ಭಾನುವಾರ ಮುನಿರಾಜು ಚಿಕ್ಕಪ್ಪ ಬಂದರು. ಅವರು ನಮ್ಮಜ್ಜಿಯ ತಂಗಿ ಪುಟ್ಟಮ್ಮನ ಮಗ. ಅವರದೂ ಮೊದಲು ನಮ್ಮ ಹಾಗೆ ಮಗ್ಗದ ಮನೆತನವೇ. ಚಿಕ್ಕಜ್ಜಿ ಸೊಸೆಯಾಗಿ ಹೋಗುವ ಹೊತ್ತಿಗೆ ಮಗ್ಗ ಬಿಟ್ಟು ಬೇಸಾಯ ಹಿಡಿದಿದ್ದರು. ಊರು ತೂಬಗೆರೆಯಿಂದ ಆಚೆ, ಬೆಟ್ಟದ ಬುಡದಲ್ಲಿ.

ಕಾಫಿ ಕುಡಿದು, ಅಜ್ಜಿಯ ಹತ್ತಿರ ಸ್ವಲ್ಪ ಹೊತ್ತು ಕೂತು ಎದ್ದ ಚಿಕ್ಕಪ್ಪ, ಬಾಗಿಲಾಚೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನಾಗ, ಒಳಗೆ ಹೇಳ್ಲಿಲ್ಲ ಕಣಪ್ಪ. ಅವ್ವ ಜಾರಿ ಬಿದ್ದಾಗಿನಿಂದ ಎದ್ದು ಓಡಾಡಿಲ್ಲ. ಉಸಿರೂ ಸರಿಯಾಗಿಲ್ಲ. ಮುಂದಿನ ಬೇಸಿಗೆ ಕಾಣ್ತಾಳೆ ಅನ್ನೋ ನಂಬಿಕೆ ನನಗಿಲ್ಲ. ದಿನಾ ಒಂದೇ ಮಾತು, ಅಕ್ಕಯ್ಯನ್ನ ಒಂದ್ಸಲ ನೋಡ್ಬೇಕು ಅಂತ."

"ಚಿಕ್ಕಜ್ಜೀನೇ ಇಲ್ಲಿಗೆ ಕರ್ಕೊಂಡ್ ಬರಬಹುದಲ್ಲ ಚಿಕ್ಕಪ್ಪ?"

"ಹೇಳಿ ನೋಡ್ದೆ. ಕುರ್ಚೀಲಿ ಕೂರಿಸ್ಕೊಂಡು ರಸ್ತೆವರೆಗೂ ಹೊತ್ಕೊಂಡು ಹೋಗ್ತೀವಿ, ಅಲ್ಲಿಂದ ಬಸ್ಸು ಅಂದೆ. ಬೈದ್ಬಿಟ್ಳು. ನಾಲ್ಕು ಜನ ನನ್ನ ಹೊರೋದು ಒಂದೇ ಸಲ ಕಣ್ಲಾ, ಉಸಿರಿರೋವಾಗ ಹೊರೋಕೆ ಬಿಡಲ್ಲ ಅಂದ್ಳು."

ನಮ್ಮಜ್ಜಿ ಗೌರಮ್ಮನ ಪಾಡೂ ಹೆಚ್ಚು ಬೇರೆಯಾಗಿರಲಿಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು. ಜೀವನವಿಡೀ ಅಚ್ಚು ಕೆಚ್ಚುವ ಕೆಲಸ ಮಾಡಿದವಳು. ಅಂದರೆ, ಮಗ್ಗದ ಮೇಲೆ ಉದ್ದಕ್ಕೆ ಕಟ್ಟಿದ ನೂಲಿನ ಹಾಸು ಮುಗಿದಾಗ ಹಳೇ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲೇ ಹೊಸೆದು ಸೇರಿಸುವುದು. ಸಾವಿರಾರು ಎಳೆ. ಬೆರಳಿಗೆ ಬೂದಿ ಸವರಿಕೊಂಡು ಮಗ್ಗದೊಳಗೆ ಬಗ್ಗಿ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಹಾಗೆ ಬಗ್ಗಿ ಬಗ್ಗಿಯೇ ಅವಳ ಬೆನ್ನುಮೂಳೆ ಸವೆದಿತ್ತು. ಎತ್ತಿ ಇಳಿಸಬೇಡಿ, ಎತ್ತಿನ ಗಾಡಿಯಂತೂ ಹತ್ತಿಸಲೇಬೇಡಿ ಅಂತ ಡಾಕ್ಟರು ಹೇಳಿದ್ದರು. ಚಿಕ್ಕಜ್ಜಿಯ ಊರಿಗೆ ರಸ್ತೆಯಿಂದ ಒಳಗೆ ಇದ್ದದ್ದು ಗಾಡಿ ಜಾಡು ಮಾತ್ರ. ಬರೀ ಕಲ್ಲು, ನಡುವೆ ಒಂದು ಹಳ್ಳ ಬೇರೆ. ಆಟೋದವರೂ ಟ್ಯಾಕ್ಸಿಯವರೂ ಆ ಊರ ಹೆಸರು ಹೇಳಿದರೆ ಕೈಮುಗಿಯುತ್ತಿದ್ದರು. ಹೀಗೆ ಅಕ್ಕತಂಗಿಯರು ಮುಖ ನೋಡಿ ವರ್ಷಗಳೇ ಆಗಿದ್ದವು.

ಹೊರಡುವಾಗ ಚಿಕ್ಕಪ್ಪ ಸುಮ್ಮನೆ ಅಂದರು, "ಆ ದಾರೀಲಿ ಬರೋದು ಅಂದ್ರೆ ಜೀಪೊಂದೇ ಕಣಪ್ಪ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬಸ್ ಸ್ಟ್ಯಾಂಡ್ ಹತ್ತಿರ ಗ್ಯಾರೇಜು ಇಟ್ಟಿದ್ದ ಬಾಬು ನನ್ನ ಜೊತೆ ಓದಿದವನು. ಬಾಡಿಗೆ ಜೀಪು ಸಿಗುತ್ತದಾ ಅಂತ ಕೇಳಲು ಹೋದರೆ, "ಬಾಡಿಗೆ ಯಾಕೆ ಗುರು, ಆವತಿ ಹತ್ರ ಇಟ್ಟಿಗೆ ಗೂಡಲ್ಲಿ ಒಂದು ಬಿದ್ದೈತೆ, ನಡಿ" ಅಂತ ಸೈಕಲ್ ಹತ್ತಿಸಿಯೇಬಿಟ್ಟ.

ಹೊಂಗೆ ಮರದ ಕೆಳಗೆ ಅದು ನಿಂತಿತ್ತು. ಯಾವುದೋ ಕಾಲದಲ್ಲಿ ಮಿಲಿಟರಿಯವರು ಹರಾಜು ಹಾಕಿದ್ದ ಜೀಪು. ನಾಲ್ಕು ಟೈರೂ ನೆಲಕ್ಕೆ ಅಂಟಿದ್ದವು. ಟಾಪು ಇಲ್ಲ, ನೆಲದ ತಗಡು ಇಲ್ಲ. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಕಾವು ಕೂತಿತ್ತು. ಗೂಡಿನ ಯಜಮಾನರು ಗುಜರಿ ಬೆಲೆಗೇ ಕೊಡಲು ಒಪ್ಪಿದರು. ಒಂದೇ ಒಂದು ಷರತ್ತು. "ಕೋಳಿ ಮರಿ ಮಾಡ್ಲಿ, ಆಮೇಲೆ ತಗೊಂಡ್ಹೋಗಿ."

ಹಾಗಾಗಿ ಮರಿಗಳಾಗುವ ತನಕ ಕಾದು, ಆಮೇಲೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದೆವು. ನನ್ನ ಹೆಂಡತಿ ಶಾರದ ಬಾಗಿಲಲ್ಲಿ ನಿಂತು ಸುತ್ತ ನೋಡಿದಳು.

"ಫ್ರಿಜ್ ತನ್ನಿ ಅಂದ್ರೆ ಇದು ತಂದ್ರಾ? ಇದಕ್ಕೆ ಬಾಗಿಲೂ ಇಲ್ವಲ್ರೀ."

ಯಾಕೆ ತಂದದ್ದು ಅಂತ ಹೇಳಿದ ಮೇಲೆ ಅವಳು ಒಳಗೆ ಹೋಗಿ ಪೊರಕೆ ತಂದು ಸೀಟಿನಲ್ಲಿದ್ದ ಕೋಳಿಪುಕ್ಕ ಗುಡಿಸಿದಳು.

ಆ ಮಳೆಗಾಲ ಪೂರ್ತಿ ಜೀಪು ನಮ್ಮ ಹಿತ್ತಲಲ್ಲಿ ತಗಡಿನ ಸೂರಿನ ಕೆಳಗಿತ್ತು. ಕರೆಂಟು ಹೋಗಿ ಮಗ್ಗ ನಿಂತಾಗಲೆಲ್ಲ ನಾನು ಅದರಡಿಗೆ ತೂರುತ್ತಿದ್ದೆ. ಬಿಡುವಾದಾಗ ಬಾಬು ಬರುತ್ತಿದ್ದ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಇಂಜಿನ್ನಿಗೆ ಡೀಸೆಲ್, ಸೀಮೆಎಣ್ಣೆ ಸುರಿದು ನೆನೆಯಲು ಬಿಟ್ಟೆವು. ಎಣ್ಣೆ ಡ್ರಮ್ಮು ಸೀಳಿ ನೆಲಕ್ಕೆ ತಗಡು ಬಡಿದೆವು. ಬ್ರೇಕಿಗೂ ಟೈರಿಗೂ ಮಾತ್ರ ಚೌಕಾಸಿ ಮಾಡಬೇಡ ಅಂತ ಬಾಬು ಕೈಹಿಡಿದು ಹೇಳಿದ್ದರಿಂದ ಅವೆರಡನ್ನು ಒಳ್ಳೆಯವೇ ಹಾಕಿಸಿದೆ. ಪಟ್ಟಿ ಸ್ಪ್ರಿಂಗಿನಲ್ಲಿ ಕೆಲವು ಪಟ್ಟಿ ಬಿಚ್ಚಿ ಮೆತ್ತಗೆ ಮಾಡುತ್ತಾ ಅವನು ಅಂದ, "ಇದನ್ನ ಮಾಡಿದ್ದು ಸೋಲ್ಜರ್‌ಗಳಿಗೆ ಗುರು, ಅಜ್ಜಿಗಲ್ಲ." ಹಿಂದಿನ ಸೀಟಿಗೆ ಶಾರದ ಮಗ್ಗದ ವೇಸ್ಟ್ ನೂಲನ್ನೆಲ್ಲ ತುಂಬಿ, ಗೇಣು ದಪ್ಪದ ದಿಂಬು ಹೊಲಿದಳು.

ಅಜ್ಜಿ ಮಂಚವನ್ನು ಹಿತ್ತಲ ಬಾಗಿಲಿಗೆ ಎಳೆಸಿಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ತಂಗಿಯ ಸ್ಥಿತಿ ಹೇಗೋ ಅವಳ ಕಿವಿಗೂ ಬಿದ್ದಿತ್ತು. ದಿನಕ್ಕೊಂದು ಸಲ ಕೇಳುತ್ತಿದ್ದಳು, "ಇದು ಹೊರಡೋದ್ರೊಳಗೆ ಪುಟ್ಟಿ ಹೊರಟ್ಬಿಡ್ತಾಳೇನ್ಲಾ?" ಆಗೆಲ್ಲ ನಾನು ಸ್ಪ್ಯಾನರ್ ಹುಡುಕುವವನ ಹಾಗೆ ತಲೆ ತಗ್ಗಿಸುತ್ತಿದ್ದೆ.

ಕೊನೆಗೆ ಉಳಿದದ್ದು ವೈರಿಂಗು. ಇದ್ದಬದ್ದದ್ದನ್ನೆಲ್ಲ ಇಲಿ ತಿಂದಿತ್ತು. ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ವೈರು ತಂದೆ. ಎಲ್ಲಾ ಕಪ್ಪು, ಎಲ್ಲಾ ತುಂಡು ತುಂಡು. ಯಾವುದು ಲೈಟಿಗೆ, ಯಾವುದು ಹಾರನ್ನಿಗೆ ಅಂತ ಬಾಬು ತಲೆ ಕೆರೆದುಕೊಳ್ಳುತ್ತಿದ್ದಾಗ ಅಜ್ಜಿ ಮಂಚದಿಂದಲೇ ಕೂಗಿದಳು.

"ಇಲ್ಲಿ ತಾರೋ. ಸಾವಿರಾರು ಎಳೆ ಗುರುತಿಟ್ಟೋಳಿಗೆ ಇದೊಂದು ಹಿಡಿ ತಂತಿ ಯಾವ ಲೆಕ್ಕ?"

ಕೆಂಪು, ಹಸಿರು, ಅರಿಶಿನ ಬಣ್ಣದ ರೇಷ್ಮೆ ಎಳೆಗಳನ್ನು ಒಂದೊಂದು ವೈರಿನ ಎರಡೂ ತುದಿಗೆ ಗುರುತಿಗಾಗಿ ಕಟ್ಟಿಸಿದಳು. ತುಂಡುಗಳನ್ನು ತಾನೇ ಜೋಡಿಸಿದಳು. ಬೂದಿ ಸವರಿದ ಹೆಬ್ಬೆರಳು, ತೋರುಬೆರಳಲ್ಲಿ ತಾಮ್ರದ ಎಳೆಗಳನ್ನು ಹೊಸೆದರೆ ಎಳೆದರೂ ಬಿಚ್ಚುತ್ತಿರಲಿಲ್ಲ. ಹೊಸೆದ ಕಡೆ ಸುತ್ತಲು ಟೇಪಿನ ರೋಲುಗಳು ಬೇಕು ಅಂದ ಬಾಬು. ಅದಕ್ಕೂ ದುಡ್ಡೇ ಅಂತ ನಾನು ಮುಖ ಸಣ್ಣ ಮಾಡಿದೆ. ಆಗ ಅಜ್ಜಿ, "ಹಳೇ ಪಂಚೆ ಹರಿದು ಸುತ್ತಿ, ಮೇಲೆ ಗಟ್ಟಿಯಾಗಿ ಗಂಜಿ ಬಳಿಯೋ. ಕಲ್ಲಾಗುತ್ತೆ" ಅಂದಳು. ನಮ್ಮ ಮನೆಯಲ್ಲಿ ಯಾವ ನೂಲು ಸೊಟ್ಟಗಾದರೂ, ಯಾವುದು ಸಡಿಲವಾದರೂ ಅದಕ್ಕೆ ಮದ್ದು ಗಂಜಿಯೇ. ಶಾರದ ಅಕ್ಕಿಗಂಜಿ ಕಾಸಿ ತಂದಳು, ನಾನು ಬಳಿದೆ, ಬಿಸಿಲಲ್ಲಿ ಒಣಗಿ ಅದು ನಿಜಕ್ಕೂ ಕಲ್ಲಾಯಿತು. ಬಾಬು ಉಗುರಲ್ಲಿ ತಟ್ಟಿ ನೋಡಿ, "ಸೂಪರ್ ಗುರು, ಕಂಪನಿಯೋರಿಗೂ ಈ ಐಡಿಯಾ ಬಂದಿಲ್ಲ" ಅಂದ.

ದೀಪಾವಳಿ ಕಳೆದು ವಾರಕ್ಕೆ ಜೀಪು ಹೊರಟಿತು. ಮಗ್ಗದ ಮನೆಯ ಗೇಟಿಗೆ ಹೊಡೆದು ಮಿಕ್ಕಿದ್ದ ಹಸಿರು ಪೇಂಟು ಅದರ ಮೈಗೆ. ನಾನು ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ಬಾಬು, ಹಿಂದೆ ದಿಂಬಿನ ಮೇಲೆ ಅಜ್ಜಿ, ಅವಳನ್ನು ಹಿಡಿದುಕೊಂಡು ಶಾರದ. ಅಜ್ಜಿ ತನ್ನ ಮದುವೆಯ ಕಾಲದ ಸೀರೆ ಉಟ್ಟಿದ್ದಳು. ತೂಬಗೆರೆ ದಾಟಿ ಜಾಡಿಗೆ ಇಳಿದ ಮೇಲೆ ಒಂದೊಂದು ಕಲ್ಲನ್ನೂ ನೋಡಿ ನೋಡಿ ಓಡಿಸಿದೆ. ಅಜ್ಜಿಯದು ಮಾತ್ರ ಒಂದೇ ದೂರು, "ಇನ್ನೂ ಸ್ವಲ್ಪ ಜೋರಾಗಿ ಹೋಗ್ಬಾರದೇನ್ಲಾ?"

ಹಳ್ಳ ಬಂತು. ಮಳೆ ನಿಂತಿದ್ದರೂ ಮೊಣಕಾಲುದ್ದ ನೀರಿತ್ತು. ನಿಧಾನವಾಗಿ ಇಳಿಸಿದೆ. ನಡುನೀರಿಗೆ ಬರುವಷ್ಟರಲ್ಲಿ ಇಂಜಿನ್ ಎರಡು ಸಲ ಕೆಮ್ಮಿ ನಿಂತೇಹೋಯಿತು. ಹ್ಯಾಂಡಲ್ ಹಾಕಿ ತಿರುಗಿಸಿದರೂ ಉಸಿರಿಲ್ಲ. ಬಾಬು ನೀರಿಗಿಳಿದು ಬಾನೆಟ್ ಎತ್ತಿದ. ಒಳಗೆ ಕೈಹಾಕಿ ಈಚೆ ತೆಗೆದ. ಬೆರಳುಗಳಿಂದ ಬೆಳ್ಳಗೆ ಏನೋ ಜಾರುತ್ತಿತ್ತು.

"ಗುರು, ಗಂಜಿ! ಬಾನೆಟ್ಟೊಳಗೆ ಅಂಬಲಿ ಕಾಸ್ಬಿಟ್ಟಿದೀವಿ!"

ಫ್ಯಾನು ಎರಚಿದ ನೀರಿಗೆ ಗಂಜಿಯೆಲ್ಲ ಕರಗಿ, ಬಟ್ಟೆ ಜಾರಿ, ಬರಿಯ ತಾಮ್ರ ಜೀಪಿನ ತಗಡಿಗೆ ತಗುಲಿ ಶಾರ್ಟ್ ಆಗಿತ್ತು. ನಾನೂ ಶಾರದಳೂ ಬಾಬುವೂ ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟೆವು. ಅಜ್ಜಿಗೆ ಮಾತ್ರ ನಗು ಬರಲಿಲ್ಲ. ಆಚೆ ದಡದ ಮೇಲೆ, ಹೊಲಗಳಾಚೆ ಚಿಕ್ಕಜ್ಜಿಯ ಊರಿನ ಹೆಂಚುಗಳು ಕಾಣುತ್ತಿದ್ದವು. ಅದನ್ನೇ ನೋಡುತ್ತಾ ಅವಳು ಅಂದಳು,

"ಸೀರೆ ಒಗೆದ್ರೆ ಗಂಜಿ ಬಿಡುತ್ತೆ ಅನ್ನೋದು ಹುಟ್ಟಿದಾಗಿಂದ ನೋಡಿದೀನಲ್ಲೋ. ಆವತ್ತು ಹೊಳೀಲೇ ಇಲ್ವಲ್ಲೋ. ಪುಟ್ಟೀ ಮನೆ ಕಾಣೋವಷ್ಟು ದೂರ ಬಂದು..."

ಶಾರದ ಅವಳ ಕೈ ಹಿಡಿದುಕೊಂಡು, "ಸುಮ್ನಿರಿ ಅಜ್ಜಿ, ಎತ್ತು ಕಟ್ಟಿ ಎಳೆಸೋಣ" ಅಂದಳು. ಬಾಬು ಪ್ಯಾಂಟು ಮಡಚಿಕೊಂಡು ಊರ ಕಡೆ ಓಡಿದ.

ಸ್ವಲ್ಪ ಹೊತ್ತಿಗೆ ದಡದ ಮೇಲೆ ಮೊದಲು, ಬಾಬುವನ್ನು ಹಿಂದೆ ಕೂರಿಸಿಕೊಂಡ ಮುನಿರಾಜು ಚಿಕ್ಕಪ್ಪನ ಸೈಕಲ್ಲು ಕಂಡಿತು. ಎತ್ತುಗಳು ಬೆಳಿಗ್ಗೆಯೇ ಸಂತೆಗೆ ಹೋಗಿದ್ದವಂತೆ. ಅವರ ಹಿಂದೆ ಇನ್ನೇನೋ ಬರುತ್ತಿತ್ತು. ಎರಡು ಬಿದಿರಿನ ಗಳಕ್ಕೆ ಒಂದು ಮರದ ಕುರ್ಚಿ ಕಟ್ಟಿ, ನಾಲ್ಕು ಜನ ಹೆಗಲು ಕೊಟ್ಟಿದ್ದರು. ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದವಳು ಚಿಕ್ಕಜ್ಜಿ.

"ಅಕ್ಕಯ್ಯ ಹಳ್ಳದಲ್ಲಿ ಸಿಕ್ಕೊಂಡವ್ಳೆ ಅಂತ ಇವನು ಹೇಳಿದ್ದೇ ತಡ, ಎತ್ರೋ ನನ್ನ ಅಂದ್ಬಿಟ್ಳು" ಅಂತ ಚಿಕ್ಕಪ್ಪ ಏದುಸಿರು ಬಿಡುತ್ತಾ ಹೇಳಿದರು. ಆಮೇಲೆ ತಡೆಯಲಾರದೆ ತಾಯಿಯ ಕಡೆ ತಿರುಗಿ, "ನಾಲ್ಕು ಜನ ಹೊರಬಾರ್ದು ಅಂತಿದ್ಯಲ್ಲವ್ವ?" ಅಂದರು.

"ಬಾಯ್ಮುಚ್ಕೊಂಡು ದಾರಿ ಬಿಡ್ಲಾ. ಮೆತ್ತಗೆ ಇಳೀರೋ, ಕಲ್ಲು ಜಾರುತ್ತೆ."

ಆ ನಾಲ್ವರೂ ಕುರ್ಚಿ ಸಮೇತ ನೀರಿಗಿಳಿದರು. ಚಿಕ್ಕಜ್ಜಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಕೂರಿಸಿದರು. ಶಾರದ ಇಳಿದು ಜಾಗ ಬಿಟ್ಟಳು. ಇಬ್ಬರೂ ಅಳುತ್ತಾರೆ ಅಂತ ನಾವೆಲ್ಲ ಕಾದು ನಿಂತೆವು. ಅಳಲಿಲ್ಲ. ಅಜ್ಜಿ ಕೈಚಾಚಿ ತಂಗಿಯ ಮಣಿಕಟ್ಟು ಮುಟ್ಟಿದಳು. ಆಮೇಲೆ ಮೊಣಕೈ, ತೋಳು, ಕೊರಳು. ಕೆಚ್ಚುವಾಗ ಕಣ್ಣು ಮುಚ್ಚಿಯೇ ಎಳೆ ಹುಡುಕುತ್ತಿದ್ದಳಲ್ಲ, ಹಾಗೆ.

"ಏನೇ ಪುಟ್ಟೀ, ಇಷ್ಟೇ ಇಷ್ಟಾಗಿದೀಯ?"

"ನೀನೇನು ಮಹಾ ಉಳಿದಿದೀಯಾ ಅಕ್ಕಯ್ಯ?"

ಅಷ್ಟೇ. ಆಮೇಲೆ ಶುರುವಾಯಿತು ನೋಡಿ ಮಾತು. ಕಾಲಡಿಯಲ್ಲಿ ನೀರು ಹರಿಯುತ್ತಿದೆ, ಗಾಡಿ ಕೆಟ್ಟು ನಿಂತಿದೆ, ಇಬ್ಬರಿಗೂ ಅದರ ಪರಿವೆಯೇ ಇಲ್ಲ. ಸತ್ತವರು, ಹುಟ್ಟಿದವರು, ಯಾರದೋ ಮದುವೆಯಲ್ಲಿ ಯಾರೋ ಮುನಿಸಿಕೊಂಡು ಊಟ ಬಿಟ್ಟದ್ದು, ಒಂದಾದ ಮೇಲೊಂದು. ಹೊತ್ತು ತಂದವರು ದಡದಲ್ಲಿ ಬೀಡಿ ಹಚ್ಚಿದರು. ಶಾರದ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನವನ್ನು ಅಕ್ಕತಂಗಿಯರಿಗೆ ಜೀಪಿನಲ್ಲೇ ಕೊಟ್ಟು ಬಂದಳು. ಇಬ್ಬರೂ ಒಂದೇ ಎಲೆಯಲ್ಲಿ ತಿಂದರು.

ನಾನೂ ಬಾಬುವೂ ನೀರಲ್ಲಿ ನಿಂತು ಒಂದೊಂದೇ ಜೋಡಣೆಯ ಗಂಜಿ ತೊಳೆದೆವು, ಒರೆಸಿದೆವು. ಮುನಿರಾಜು ಚಿಕ್ಕಪ್ಪ ತಮ್ಮ ಸೈಕಲ್ಲಿನ ಟ್ಯೂಬು ಬಿಚ್ಚಿ ಕೊಟ್ಟರು. ಅದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ತಾಮ್ರದ ಮೇಲೆ ಬಿಗಿಯಾಗಿ ಸುತ್ತಿದೆವು. ಅಜ್ಜಿ ಹೊಸೆದದ್ದು ಒಂದೂ ಬಿಚ್ಚಿರಲಿಲ್ಲ. ಬಿಸಿಲು ಇಳಿಮುಖವಾಗುವ ಹೊತ್ತಿಗೆ ಬಾಬು, "ಹಾಕು ಗುರು" ಅಂದ. ನಾನು ಹ್ಯಾಂಡಲ್ ತಿರುಗಿಸಿದೆ.

ಒಂದೇ ಸಲಕ್ಕೆ ಇಂಜಿನ್ ಹಿಡಿಯಿತು. ಹಳ್ಳವೆಲ್ಲ ಗುಡುಗಿದ ಹಾಗಾಯಿತು. ಬಾಬು ನೀರಲ್ಲೇ ಕುಣಿದ. ದಡದಲ್ಲಿದ್ದವರು ಶಿಳ್ಳೆ ಹೊಡೆದರು. ನಾನು ಹೆಮ್ಮೆಯಿಂದ ಅಜ್ಜಿಯ ಕಡೆ ತಿರುಗಿದೆ. ಅವಳು ಹುಬ್ಬು ಗಂಟಿಕ್ಕಿ, ಕೈಯಾಡಿಸಿ, ಏನೋ ಕೂಗುತ್ತಿದ್ದಳು. ಹತ್ತಿರ ಹೋಗಿ ಕಿವಿ ಕೊಟ್ಟೆ.

"ಆರಿಸೋ ಅದನ್ನ! ಇವಳೇನೋ ಹೇಳ್ತಾವ್ಳೆ, ಒಂದೂ ಕೇಳಿಸ್ತಿಲ್ಲ!"

ಮಳೆಗಾಲವಿಡೀ ಮೈಗೆಲ್ಲ ಗ್ರೀಸು ಮೆತ್ತಿಕೊಂಡು ಎಬ್ಬಿಸಿದ ಇಂಜಿನ್ ಅದು. ಒಂದು ಗಳಿಗೆ ಬಾಬು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆಮೇಲೆ ಆರಿಸಿದೆ. ಮತ್ತೆ ನೀರಿನ ಸದ್ದು ಕೇಳಿಸಿತು.

"ಈಗ ಹೇಳೇ ಪುಟ್ಟೀ, ಏನಂದೆ?"

"ಅದೇ ಅಕ್ಕಯ್ಯ, ನಮ್ಮವ್ವ ಹಿತಕಿದ ಬೇಳೆ ಸಾರಿಗೆ ಗಸಗಸೆ ಹಾಕ್ತಿದ್ಳಾ, ಇಲ್ವಾ?"

ಅಜ್ಜಿ ತುಂಬ ಹೊತ್ತು ಯೋಚಿಸಿದಳು. "ಹಾಕ್ತಿದ್ಳು ಕಣೆ."

"ಇಲ್ಲ ಕಣಕ್ಕಯ್ಯ, ನಂಗೆ ಚೆನ್ನಾಗಿ ಗ್ಯಾಪಕ ಐತೆ."

ಆ ಜಗಳ ಮುಗಿಯುವ ತನಕ ನಾವು ಯಾರೂ ಜೀಪಿನ ಹತ್ತಿರ ಹೋಗಲಿಲ್ಲ. ಆಮೇಲೆ ಇಬ್ಬರನ್ನೂ ಚಿಕ್ಕಜ್ಜಿಯ ಮನೆ ಬಾಗಿಲಿಗೇ ಇಳಿಸಿದೆ. ಅಜ್ಜಿ ಸಂಕ್ರಾಂತಿಯವರೆಗೂ ಅಲ್ಲೇ ಇದ್ದಳು. ಚಿಕ್ಕಪ್ಪ ಹೆದರಿದ್ದ ಹಾಗೆ ಚಿಕ್ಕಜ್ಜಿ ಆ ಬೇಸಿಗೆ ಕಾಣಲಿಲ್ಲ. ಅಜ್ಜಿಯೂ ಈಗಿಲ್ಲ, ಜೀಪೂ ಇಲ್ಲ. ನಮ್ಮ ಮನೆಯಲ್ಲಿ ಮಗ್ಗ ಮಾತ್ರ ಇನ್ನೂ ಓಡುತ್ತಿದೆ. ವಯಸ್ಸಾದವರು ಯಾರಾದರೂ ಬಂದು ಮಾತಿಗೆ ಕೂತರೆ ನಾನು ಎದ್ದುಹೋಗಿ ಸ್ವಿಚ್ಚು ಆರಿಸಿ ಬರುತ್ತೇನೆ. ನೇಯ್ಗೆ ಕೆಟ್ಟುಹೋಗುತ್ತೆ ಅಂತ ಶಾರದ ಗೊಣಗುತ್ತಾಳೆ. ಮಗ್ಗ ನಿಂತಿರುವುದರಿಂದ ಆ ಗೊಣಗೂ ಚೆನ್ನಾಗಿ ಕೇಳಿಸುತ್ತದೆ.